ಗಣೆಯನ್ನು ಗೋಡೆಗೆ ತೂಗುವ ಮೊದಲು

(ಗುಡ್ಡದ ಊರುಗಳ ನಿವಾಸಿಗಳೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಈ ಸಭೆಗೆ ಕರೆಯಲು ಬಂದ ಇಬ್ಬರು ವಿದ್ಯಾರ್ಥಿಗಳು ತಮ್ಮೊಡನೆ ಒಂದು ಕಾಗದವನ್ನು ತಂದಿದ್ದರು. ಗುಡ್ಡದ ಬುಡದಲ್ಲಿ, ಗೊಲ್ಲರಹಟ್ಟಿಗೆ ಸಮೀಪದಲ್ಲಿ, ಒಂದು ‘ಸಂಸ್ಕೃತಿ ಮನೆ’ಯನ್ನು ಕಟ್ಟಬೇಕೆಂಬ ನಿಮ್ಮ ಆಲೋಚನೆಯ ನಕ್ಷೆ ಅದರಲ್ಲಿತ್ತು. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಗೋಡೆಯ ಮೇಲೆ ಒಂದು ಗಣೆ, ಕರಿಯ ಕಂಬಳಿ, ಹಾಲಿನ ಗಡಿಗೆ, ಹಟ್ಟಿಯ ಹಿರಿಯರ ಛಾಯಾಚಿತ್ರಗಳು; ಹೊರಗೆ ನೋಡಬಂದವರ ವಾಹನಗಳಿಗೆ ಜಾಗ. ನಕ್ಷೆಯನ್ನು ಅಕ್ಕರೆಯಿಂದ ಬರೆದಿದ್ದರು. ನಾನು ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಹಟ್ಟಿಯವರಿಗೆ ತೋರಿಸಿದ್ದೀರಾ? ಇಲ್ಲ, ಮೊದಲು ಸಭೆಯಲ್ಲಿ ತೀರ್ಮಾನವಾಗಲಿ, ಆಮೇಲೆ ತೋರಿಸೋಣವೆಂದಿದ್ದೇವೆ ಎಂದರು. ಇಂಥ ಕೇಂದ್ರವೊಂದನ್ನು ನೀವು ಪರದೇಶದಲ್ಲಿ ಕಂಡುಬಂದವರಂತೆ, ಅದರ ಬಗ್ಗೆ ನಾಲ್ಕು ಮಾತು ಹೇಳಿ ಎಂದೂ ಕೇಳಿದರು. ಆ ನಾಲ್ಕು ಮಾತುಗಳನ್ನು ಹೇಳುವುದಕ್ಕೆಂದೇ ಬಂದಿದ್ದೇನೆ. ಅವು ನಿಮ್ಮ ನಕ್ಷೆಗೆ ಪೂರ್ತಿ ಒಪ್ಪಿಗೆಯಾಗುವಂಥವಲ್ಲ. ಆದರೆ ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚುವ ಉದ್ದೇಶವೂ ನನಗಿಲ್ಲ.

2018ರಲ್ಲಿ ಮಗಳ ಮನೆಯ ಕಾರಣದಿಂದ ಆಸ್ಟ್ರೇಲಿಯಕ್ಕೆ ಹೋಗಿದ್ದೆ. ಆ ಖಂಡದ ನಟ್ಟನಡುವೆ, ಆಲಿಸ್ ಸ್ಪ್ರಿಂಗ್ಸ್ ಎಂಬ ಪಟ್ಟಣದಿಂದ ಸುಮಾರು 450 ಕಿಲೋಮೀಟರ್ ದೂರದಲ್ಲಿ, ಉಲುರು ಎಂಬ ಒಂಟಿ ಬಂಡೆಬೆಟ್ಟವಿದೆ. ಬಯಲಿನಿಂದ ಒಮ್ಮೆಗೇ 348 ಮೀಟರ್ ಎದ್ದು ನಿಂತಿರುವ ಕೆಂಪು ಕಲ್ಲು. ಅದರ ಸುತ್ತಲಿನ ಮಣ್ಣನ್ನು ನೋಡಿದಾಗ ನನಗೆ ಚಿಕ್ಕನಾಯಕನಹಳ್ಳಿಯ ಗಣಿಗುಡ್ಡಗಳ ದಾರಿ ನೆನಪಾಯಿತು. ಅದೇ ಬಣ್ಣ, ಪಂಚೆಗೆ ಹತ್ತಿದರೆ ಒಂದು ಒಗೆತಕ್ಕೆ ಹೋಗದ ಅದೇ ಕೆಂಪು. ನೊಣಗಳ ಕಾಟವನ್ನು ಮಾತ್ರ ನಮ್ಮ ಹಲಸಿನ ಕಾಲಕ್ಕೂ ಹೋಲಿಸಲಾರೆ. ಬಂದವರೆಲ್ಲರೂ ಮುಖಕ್ಕೆ ಬಲೆ ಕಟ್ಟಿಕೊಂಡು ಓಡಾಡುತ್ತಿದ್ದರು.

ಆ ಬೆಟ್ಟ ಅನಂಗು ಎಂಬ ಮೂಲನಿವಾಸಿಗಳದು. 1873ರಲ್ಲಿ ಅಲ್ಲಿಗೆ ಬಂದ ಬಿಳಿಯ ಭೂಮಾಪಕನೊಬ್ಬ, ಅದಕ್ಕೆ ಹೆಸರೇ ಇಲ್ಲವೆಂಬಂತೆ, ಅಂದಿನ ಅಧಿಕಾರಿಯೊಬ್ಬನ ಹೆಸರನ್ನಿಟ್ಟು ‘ಏಯರ್ಸ್ ರಾಕ್’ ಎಂದು ಕರೆದ. 1958ರಲ್ಲಿ ಮೂಲನಿವಾಸಿಗಳ ಮೀಸಲು ಪ್ರದೇಶದಿಂದ ಅದನ್ನು ಕತ್ತರಿಸಿ ತೆಗೆದು ಪ್ರವಾಸಿಗರ ಉದ್ಯಾನವನ್ನಾಗಿ ಮಾಡಿದರು. ಬೆಟ್ಟ ಹತ್ತುವವರಿಗೆ ಕಂಬ ನೆಟ್ಟು ಸರಪಳಿ ಕಟ್ಟಿದರು. ಬಹಳ ವರ್ಷಗಳ ಹೋರಾಟದ ನಂತರ 1985ರ ಅಕ್ಟೋಬರ್ 26ರಂದು ಸರ್ಕಾರ ಆ ನೆಲದ ಹಕ್ಕುಪತ್ರವನ್ನು ಅನಂಗು ಜನರಿಗೆ ಮರಳಿ ಕೊಟ್ಟಿತು. ಅವರು ಅದನ್ನು ರಾಷ್ಟ್ರೀಯ ಉದ್ಯಾನವಾಗಿಯೇ ಮುಂದುವರಿಸಲು 99 ವರ್ಷಗಳ ಗುತ್ತಿಗೆಗೆ ಸರ್ಕಾರಕ್ಕೆ ಕೊಟ್ಟರು. ಆದರೆ ಉದ್ಯಾನವನ್ನು ನಡೆಸುವ ಮಂಡಳಿಯಲ್ಲಿ ಬಹುಮತ ತಮ್ಮದೇ ಇರಬೇಕೆಂಬ ಕರಾರಿನೊಂದಿಗೆ. ನಾನು ನೋಡಿದ ಸಂಸ್ಕೃತಿ ಕೇಂದ್ರ ಬಾಗಿಲು ತೆರೆದದ್ದು ಅದಾದ ಹತ್ತು ವರ್ಷಗಳಿಗೆ, 1995ರಲ್ಲಿ.

ವಿದ್ಯಾರ್ಥಿಗಳು ಈ ಎರಡು ಇಸವಿಗಳನ್ನು ಬರೆದಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ನೆಲ 1985ರಲ್ಲಿ, ಮನೆ 1995ರಲ್ಲಿ.

ಆ ಕಟ್ಟಡವನ್ನು ಅಲ್ಲಿಯ ಮಣ್ಣಿನಿಂದಲೇ ಮಾಡಿದ ಇಟ್ಟಿಗೆಗಳಿಂದ ಕಟ್ಟಿದ್ದಾರೆ. ಅನಂಗು ಜನರ ಕಥೆಯಲ್ಲಿ ಬರುವ ಎರಡು ಹಾವುಗಳ ಆಕಾರದಲ್ಲಿ ಅದು ಬಾಗಿ ಬಳಸಿಕೊಂಡಿದೆ. ಒಳಗೆ ಕಾಲಿಟ್ಟಾಗ ನನಗೆ ಮೊದಲು ಎದುರಾದದ್ದು ಒಂದು ನಿಷೇಧ: ಇಲ್ಲಿ ಛಾಯಾಚಿತ್ರ ತೆಗೆಯುವಂತಿಲ್ಲ. ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡೇ ಬಂದವನಿಗೆ ಅದು ಸ್ವಲ್ಪ ಮುಜುಗರವೇ ಆಯಿತು. ಕುಳಿತು ಓದಿದೆ. ತಮ್ಮ ಕಥೆಗಳನ್ನು, ತಮ್ಮ ಕಟ್ಟಳೆಯನ್ನು ಅವರು ಚುಕುರ್ಪ ಎನ್ನುತ್ತಾರೆ. ಅದರಲ್ಲಿ ಕೆಲವನ್ನು ಹೊರಗಿನವರಿಗೆ ಹೇಳಬಹುದು, ಕೆಲವನ್ನು ಹೇಳಬಾರದು. ಗಂಡಸರು ಮಾತ್ರ ಅರಿಯಬೇಕಾದ ತಾಣಗಳಿವೆ, ಹೆಂಗಸರು ಮಾತ್ರ ಅರಿಯಬೇಕಾದ ತಾಣಗಳಿವೆ. ಎಷ್ಟನ್ನು ತೋರಿಸಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ನಿರ್ಧರಿಸಿದವರು ಅವರೇ.

ಅಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಕ್ಷಮೆಯ ಪತ್ರಗಳು. ಹಿಂದೆ ಬಂದಿದ್ದ ಪ್ರವಾಸಿಗರು ನೆನಪಿಗೆಂದು ಚೂರುಕಲ್ಲನ್ನೋ ಹಿಡಿಮಣ್ಣನ್ನೋ ಜೇಬಿಗೆ ಹಾಕಿಕೊಂಡು ಹೋಗಿರುತ್ತಾರೆ; ವರ್ಷಗಳಾದ ಮೇಲೆ ಮನಸ್ಸು ಒಪ್ಪದೆ, ತಪ್ಪಾಯಿತೆಂದು ಬರೆದು, ಅಂಚೆಯಲ್ಲಿ ಹಿಂದಕ್ಕೆ ಕಳುಹಿಸುತ್ತಾರೆ. ಅಂಥ ಪತ್ರಗಳನ್ನು ಅವರು ಕೂಡಿಸಿಟ್ಟಿದ್ದಾರೆ. ಕದ್ದ ಕಲ್ಲನ್ನು ಹಿಂದಿರುಗಿಸುವುದು ಸುಲಭ, ಅಂಚೆವೆಚ್ಚವಷ್ಟೇ. ಇದನ್ನು ಏಕೆ ಹೇಳಿದೆನೆಂಬುದು ನನ್ನ ಮಾತಿನ ಕೊನೆಗೆ ನಿಮಗೆ ತಿಳಿಯುತ್ತದೆ.

ಹೊರಗೆ ಬಂದಾಗ ಜನ ಬೆಟ್ಟ ಹತ್ತುತ್ತಿದ್ದರು. ನಮ್ಮ ಕಟ್ಟಳೆಯ ಪ್ರಕಾರ ಇದನ್ನು ಹತ್ತಬಾರದು, ದಯವಿಟ್ಟು ಹತ್ತಬೇಡಿ ಎಂಬ ಅನಂಗು ಜನರ ಫಲಕ ಬುಡದಲ್ಲೇ ಇತ್ತು. ಅದರ ಪಕ್ಕದಲ್ಲೇ ಹಾದು ಸರಪಳಿ ಹಿಡಿಯುತ್ತಿದ್ದರು. ಹತ್ತಲು ಹೋಗಿ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತ ಬೆಟ್ಟ ಅದು. ನೆಲ ಮರಳಿ ಸಿಕ್ಕಿ ಮೂವತ್ತಮೂರು ವರ್ಷವಾಗಿದ್ದರೂ ಆ ಮಾತು ಇನ್ನೂ ಪೂರ್ತಿ ನಡೆಯುತ್ತಿರಲಿಲ್ಲ. ನಾನು ಊರಿಗೆ ಮರಳಿದ ಮರುವರ್ಷ, 2019ರ ಅಕ್ಟೋಬರ್ 26ರಂದು, ಹತ್ತುವುದನ್ನು ಶಾಶ್ವತವಾಗಿ ನಿಲ್ಲಿಸಿದರು. ಎಲ್ಲವೂ ಅಲ್ಲಿ ಸರಿಹೋಗಿದೆಯೆಂದು ತಿಳಿಯಬೇಡಿ. ಆ ಉದ್ಯಾನದೊಳಗಿನ ಅನಂಗು ಹಳ್ಳಿಯಲ್ಲಿ ಬಡತನವಿದೆ, ಕಾಯಿಲೆಯಿದೆ. ಪ್ರವಾಸಿಗರು ತಂಗುವುದು ಉದ್ಯಾನದ ಹೊರಗಿನ ಹವಾನಿಯಂತ್ರಿತ ಕೋಣೆಗಳಲ್ಲಿ.

ಇನ್ನೊಂದು ಸಂಗತಿಯನ್ನು ಅಲ್ಲಿ ತಿಳಿದೆ. ಅದು ಬೆಂಕಿಗೆ ಸಂಬಂಧಿಸಿದ್ದು. ಅನಂಗು ಜನರು ಹಿಂದಿನಿಂದಲೂ ಸೂಕ್ತ ಕಾಲ ನೋಡಿ ಹುಲ್ಲುಗಾವಲನ್ನು ಸಣ್ಣ ಸಣ್ಣ ತುಂಡುಗಳಾಗಿ ಸುಡುತ್ತಿದ್ದರು. ಅವರನ್ನು ದೂರವಿಟ್ಟು ಆ ಪದ್ಧತಿ ತಪ್ಪಿದ ಮೇಲೆ ಒಣಹುಲ್ಲು ವರ್ಷಗಟ್ಟಲೆ ಕೂಡಿಬಿದ್ದು, 1976ರಲ್ಲಿ ಎದ್ದ ಕಾಳ್ಗಿಚ್ಚಿನಲ್ಲಿ ಉದ್ಯಾನದ ಮುಕ್ಕಾಲು ಭಾಗ ಸುಟ್ಟುಹೋಯಿತು. ಆಮೇಲೆ ವಿಜ್ಞಾನಿಗಳು ಅದೇ ಹಿರಿಯರ ಬಳಿಗೆ ಹೋಗಿ, ಯಾವಾಗ ಸುಡಬೇಕು, ಹೇಗೆ ಸುಡಬೇಕು ಎಂದು ಕೇಳಿದರು. ಈ ಬೆಂಕಿಯ ಮಾತಿಗೆ ಮತ್ತೆ ಬರುತ್ತೇನೆ.

ಈಗ ನಮ್ಮ ರಾಜ್ಯಕ್ಕೆ ಬರೋಣ. ನಾಗರಹೊಳೆ ರಾಷ್ಟ್ರೀಯ ಉದ್ಯಾನಕ್ಕೆ ನಿಮ್ಮಲ್ಲಿ ಹಲವರು ಕಾಲೇಜಿನ ಪ್ರವಾಸದಲ್ಲಿ ಹೋಗಿದ್ದೀರಿ. ಜೀಪಿನಲ್ಲಿ ಕುಳಿತು ಆನೆ, ಕಾಟಿ, ಜಿಂಕೆಗಳನ್ನು ನೋಡಿ ಬಂದಿದ್ದೀರಿ. ಜೇನುಕುರುಬರು, ಬೆಟ್ಟಕುರುಬರು, ಯರವರು ಆ ಕಾಡಿನೊಳಗಿನ ಹಾಡಿಗಳಲ್ಲಿ ಬಾಳಿದವರೆಂಬುದನ್ನು ಅಲ್ಲಿ ನಿಮಗೆ ಯಾರಾದರೂ ಹೇಳಿದರೇ? ದಸರೆಯ ಆನೆಯ ಮೇಲೆ ಕುಳಿತ ಮಾವುತನನ್ನು ನೋಡಿ ಕೈಬೀಸುತ್ತೇವೆ. ಅವನು ಜೇನುಕುರುಬನೆಂದೂ ಅವನ ಅಜ್ಜನ ಹಾಡಿ ಈಗ ಲಂಟಾನದ ಪೊದೆಯೆಂದೂ ನಮಗೆ ತಿಳಿದಿರುವುದಿಲ್ಲ. ರಾಜ್ಯ ಹೈಕೋರ್ಟು ನೇಮಿಸಿದ ಪ್ರೊ. ಮುಜಫರ್ ಅಸ್ಸಾದಿ ಸಮಿತಿಯು 2014ರಲ್ಲಿ ವರದಿ ಕೊಟ್ಟು, ನಾಗರಹೊಳೆಯಿಂದ ನೆಲೆ ಕಳೆದುಕೊಂಡ ಆದಿವಾಸಿ ಕುಟುಂಬಗಳು 3,418 ಎಂದು ಗುರುತಿಸಿತು. ಅದೇ ಕಾಡಿನ ಒಳಗೆ, ಮೂರ್ಕಲ್ಲಿನಲ್ಲಿ, 1990ರ ದಶಕದಲ್ಲಿ ಶ್ರೀಮಂತ ಪ್ರವಾಸಿಗರಿಗಾಗಿ ವಿಶ್ರಾಂತಿಧಾಮವನ್ನು ನಡೆಸಲು ದೊಡ್ಡ ಹೋಟೆಲು ಸಂಸ್ಥೆಯೊಂದಕ್ಕೆ ಗುತ್ತಿಗೆ ಕೊಡಲಾಗಿತ್ತು. ಹಾಡಿಗಳ ಜನ ಎದ್ದುನಿಂತರು. 1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಆ ಕಟ್ಟಡದ ಒಂದು ಮೂಲೆಯಲ್ಲಿ ಬಿದಿರಿನ ಬುಟ್ಟಿಗಳನ್ನೂ ಜೇನಿನ ಬುರುಡೆಗಳನ್ನೂ ಇಟ್ಟು ‘ಬುಡಕಟ್ಟು ಸಂಸ್ಕೃತಿ’ ಎಂದು ಫಲಕ ಹಾಕಿದ್ದರೆ ಅದು ಸಂಸ್ಕೃತಿ ಕೇಂದ್ರವಾಗುತ್ತಿತ್ತೇ? 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರುಕೊಲ್ಲಿಯ ತಮ್ಮ ಹಳೆಯ ನೆಲೆಗೆ ಮರಳಿ ಹೋಗಿ ಗುಡಿಸಲು ಹಾಕಿದವು. ತಮ್ಮ ದೇವರೂ ತಮ್ಮ ಹಿರಿಯರ ಸಮಾಧಿಗಳೂ ಇರುವುದು ಅಲ್ಲಿ ಎಂಬುದು ಅವರ ಮಾತು.

ನಾನು ಹೆಚ್ಚಾಗಿ ಹೇಳಬೇಕೆಂದಿರುವುದು ಬಿಳಿಗಿರಿರಂಗನ ಬೆಟ್ಟದ ಬಗ್ಗೆ. ಅದು ರಾಷ್ಟ್ರೀಯ ಉದ್ಯಾನವಲ್ಲ. 1974ರಲ್ಲಿ ವನ್ಯಧಾಮವಾಯಿತು, 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿ ಸೋಲಿಗರಿದ್ದಾರೆ. ಬೆಟ್ಟದ ಒಡೆಯ ರಂಗನಾಥ ತಮ್ಮ ಕುಲದ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂಬುದು ಅವರ ಕಥೆ. ಆದುದರಿಂದ ದೇವರು ಅವರಿಗೆ ಭಾವ. ದೇವರನ್ನು ಭಾವನೆಂದು ಕರೆಯುವ ಸಲಿಗೆ ನಮ್ಮ ಬಯಲುಸೀಮೆಯ ಭಕ್ತರಿಗೆ ಎಲ್ಲಿಂದ ಬರಬೇಕು! ಕಳೆದ ಬಾರಿ ಹದಿನಾರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಎರಡು ದಿನ ಅಲ್ಲಿದ್ದೆ. ಆ ಹದಿನಾರರಲ್ಲಿ ಕೆಲವರು ಇಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ, ನಾನು ತಪ್ಪಿದರೆ ತಿದ್ದಲಿ.

1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದ್ದೂ ಅಲ್ಲಿಯ ಆಸ್ಪತ್ರೆ, ಶಾಲೆಗಳ ಕೆಲಸವೂ ನಿಮಗೆ ಗೊತ್ತಿರುವ ವಿಷಯಗಳು. ಅವುಗಳನ್ನು ಬಿಟ್ಟು ಒಂದು ನಕ್ಷೆಯ ಸಂಗತಿಯನ್ನು ಹೇಳುತ್ತೇನೆ. ವನ್ಯಧಾಮವಾದ ಮೇಲೆ ಕಾಡಿನೊಳಗೆ ಹರಡಿಕೊಂಡಿದ್ದ ಸೋಲಿಗರ ಪೋಡುಗಳನ್ನು ಎಬ್ಬಿಸಿ ರಸ್ತೆಯ ಮಗ್ಗುಲಿಗೆ ತಂದರು. ಪೋಡು ಬಂತು, ದೇವರು ಬರಲಿಲ್ಲ. ಸೋಲಿಗರಲ್ಲಿ ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆಯಿದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ ಮತ್ತು ಅಬ್ಬಿ ಎಂಬ ತಾಣಗಳು. ಅಬ್ಬಿಯೆಂದರೆ ನೀರಿನ ಸೆಲೆ. ಭಾರ್ಗವಿ ಹೊಳೆಯ ಬಳಿಯ ದೊಡ್ಡ ಸಂಪಿಗೆ ಮರವೊಂದನ್ನು ಹೊರಗಿನವರೆಲ್ಲ ಬಲ್ಲರು. ಅಂಥ ತಾಣಗಳು ಆ ಕಾಡಿನಲ್ಲಿ ನಾನೂರಕ್ಕೂ ಹೆಚ್ಚಿವೆ. ಸೋಲಿಗರ ಹಿರಿಯರು ಮತ್ತು ಯುವಕರು, ಏಟ್ರೀ ಸಂಸ್ಥೆಯ ಸಂಶೋಧಕರೊಡನೆ ಕಾಡನ್ನೆಲ್ಲ ನಡೆದು, ಒಂದೊಂದು ತಾಣದ ಬಳಿ ನಿಂತು, ಅದರ ಹೆಸರನ್ನೂ ಅದು ಯಾವ ಕುಲದ್ದೆಂಬುದನ್ನೂ ಗುರುತುಮಾಡಿ ನಕ್ಷೆ ತಯಾರಿಸಿದರು. ಇಲಾಖೆಯ ನಕ್ಷೆಯಲ್ಲಿ ವಲಯ, ಗಸ್ತು, ಕಂಪಾರ್ಟ್‌ಮೆಂಟ್ ಸಂಖ್ಯೆಗಳು. ಈ ನಕ್ಷೆಯಲ್ಲಿ ಹೆಸರುಗಳು.

2006ರ ಅರಣ್ಯ ಹಕ್ಕು ಕಾಯ್ದೆಯ ಅನ್ವಯ ಸೋಲಿಗರು ಅರ್ಜಿ ಹಾಕಿದಾಗ ಆ ನಕ್ಷೆ ನೆರವಿಗೆ ಬಂತು. 2011ರ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕು ಮಾನ್ಯವಾಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿ, ಪಾಚಿ ಸಂಗ್ರಹಿಸುವುದನ್ನು ಅದಕ್ಕೆ ಕೆಲವು ವರ್ಷಗಳ ಹಿಂದೆ ನಿಷೇಧಿಸಲಾಗಿತ್ತು. ಆಗ ಪೋಡುಗಳ ಒಲೆಗಳು ಎಷ್ಟು ತಣ್ಣಗಾಗಿದ್ದವೆಂಬುದನ್ನು ನಮಗೆ ದಾರಿ ತೋರಿಸಿದ ಹಿರಿಯರು ಹೆಚ್ಚು ಮಾತಿಲ್ಲದೆ ಹೇಳಿದರು. ಹಕ್ಕುಪತ್ರ ಬಂದ ಮೇಲೂ ಪ್ರತಿಯೊಂದು ಋತುವಿನಲ್ಲೂ ಅದನ್ನು ನಡೆಸಿಕೊಳ್ಳಲು ಓಡಾಡಬೇಕೆಂದೂ ಸೇರಿಸಿದರು.

ಆ ಹಿರಿಯರೇ ಲಂಟಾನದ ಪೊದೆಯೊಂದನ್ನು ಕೋಲಿನಿಂದ ಸರಿಸಿ ನಮಗೆ ಬೆಂಕಿಯ ಪಾಠ ಹೇಳಿದ್ದು. ಸೋಲಿಗರಲ್ಲಿ ‘ತರಗು ಬೆಂಕಿ’ ಎಂಬ ರೂಢಿಯಿತ್ತು. ಬೇಸಗೆ ಬಲಿಯುವ ಮೊದಲು, ನೆಲದಲ್ಲಿ ಇನ್ನೂ ತೇವವಿರುವಾಗ, ಉದುರಿದ ತರಗೆಲೆಯನ್ನು ಮಾತ್ರ ಸುಡುವ ತಗ್ಗಿನ ಬೆಂಕಿ. ಮರಕ್ಕೆ ಅದು ತಾಗದು. ಅದರಿಂದ ಲಂಟಾನದ ಸಸಿಗಳು ಸಾಯುತ್ತಿದ್ದವು. ನೆಲ್ಲಿಯ ಮರಗಳಿಗೆ ಹತ್ತುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು. ಬೆಂಕಿ ಹಚ್ಚುವುದು ಅಪರಾಧವೆಂದು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತು, ಬಂದಳಿಕೆ ಹೆಚ್ಚಿತು, ನೆಲ್ಲಿ ಸೊರಗಿತು. ಇದನ್ನು ಸೋಲಿಗರು ಮೊದಲಿನಿಂದ ಹೇಳುತ್ತಲೇ ಇದ್ದರು. ನೆಲ್ಲಿಯ ಸೊರಗಿಗೆ ಕಿತ್ತುಕೊಳ್ಳುವವರೇ ಕಾರಣವೆಂದು ನಂಬಿದ್ದ ಸಂಶೋಧಕರು ಆಮೇಲೆ ಬಂದಳಿಕೆಯನ್ನೂ ಲಂಟಾನವನ್ನೂ ಅಳೆದು ನೋಡಿ, ಹಿರಿಯರ ಮಾತಿನಲ್ಲಿ ಹುರುಳಿದೆಯೆಂದು ಪ್ರಬಂಧಗಳಲ್ಲಿ ಬರೆದರು.

ಇದನ್ನು ಕೇಳುತ್ತ ನಾನು ತಲೆ ತಗ್ಗಿಸಿ ನಿಂತಿದ್ದೆ. ಏಕೆಂದರೆ ನಮ್ಮ ಗುಡ್ಡಗಳಿಗೆ ಬೆಂಕಿ ಬಿದ್ದಾಗಲೆಲ್ಲ, ಕುರಿಯವರು ಹೊಸ ಹುಲ್ಲಿನ ಆಸೆಗೆ ಹಚ್ಚಿದರು ಎಂದು ಮೊದಲು ಬೊಟ್ಟುಮಾಡುವವರಲ್ಲಿ ನಾನೂ ಒಬ್ಬ. ಎಷ್ಟೋ ಶಾಲೆಯ ಗೋಡೆಗಳ ಮೇಲೆ ನಾನೇ ನಿಂತು ಹಾಗೆಂದು ಬರೆಸಿದ್ದೇನೆ. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಬೀಳುವ ಬೆಂಕಿ ಕೆಟ್ಟದ್ದೇ. ಅದನ್ನು ಸಮರ್ಥಿಸಿಕೊಳ್ಳಲು ಇಲ್ಲಿ ನಿಂತಿಲ್ಲ. ಆದರೆ ಹಟ್ಟಿಯ ಹಿರಿಯರು ಹಿಂದೆ ಯಾವ ತಿಂಗಳಲ್ಲಿ, ಎಲ್ಲಿ, ಎಷ್ಟು ಸುಡುತ್ತಿದ್ದರು, ಅಥವಾ ಸುಡುತ್ತಲೇ ಇರಲಿಲ್ಲವೋ ಎಂದು ಈ ನಲವತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಗೋಡೆಗೆ ಬಣ್ಣ ಬಳಿಯುವ ಮೊದಲು ಕೇಳಬಹುದಾಗಿತ್ತು.

ಹೀಗೆ ನಮ್ಮ ಗುಡ್ಡದ ಬುಡಕ್ಕೇ ಬಂದೆವು.

ಕಾಡುಗೊಲ್ಲರನ್ನು ಉಲುರುವಿನ ಅನಂಗು ಜನರಿಗಾಗಲಿ ಸೋಲಿಗರಿಗಾಗಲಿ ಸರಿಸಮವೆಂದು ನಾನು ಹೇಳುವುದಿಲ್ಲ. ಒಬ್ಬೊಬ್ಬರ ಚರಿತ್ರೆ ಒಂದೊಂದು. ಆದರೆ ಈ ತೆಂಗಿನ ಸೀಮೆ ತೆಂಗಿನ ಸೀಮೆಯಾಗುವ ಮೊದಲು ಇಲ್ಲಿ ಕಾವಲುಗಳಿದ್ದವು. ಮೈಸೂರು ಅರಸರ ಕಾಲದ ಅಮೃತಮಹಲ್ ದನಗಳ ಹುಲ್ಲುಗಾವಲುಗಳು. ತಿಪಟೂರಿನ ಕೋನೇಹಳ್ಳಿಯ ತಳಿ ಸಂವರ್ಧನಾ ಕೇಂದ್ರ ಅದರ ಉಳಿಕೆ. ಆ ಬಯಲುಗಳ ಅಂಚಿನಲ್ಲಿ, ಗುಡ್ಡದ ಮಗ್ಗುಲಲ್ಲಿ, ಮುಳ್ಳುಬೇಲಿಯ ಸುತ್ತಿನೊಳಗೆ ಕಾಡುಗೊಲ್ಲರ ಹಟ್ಟಿಗಳು. ಅವರ ಜುಂಜಪ್ಪನ ಕಾವ್ಯದ ಊರುಗಳು, ಕಟ್ಟೆಗಳು, ಗುಡ್ಡಗಳು ಇಂದಿಗೂ ನೆಲದ ಮೇಲಿವೆ. ಶಿರಾ ತಾಲ್ಲೂಕಿನ ಕಳವರಹಳ್ಳಿಯ ಜುಂಜಪ್ಪನ ಗುಡ್ಡೆಗೆ ಹೋದವರು ಅದನ್ನು ಕಂಡಿರುತ್ತಾರೆ. ನಿಮ್ಮ ನಕ್ಷೆಯಲ್ಲಿ ಗೋಡೆಯ ಮೇಲೆ ತೂಗಿದ ಗಣೆ ಆ ಜುಂಜಪ್ಪನ ಗಣೆ. ಅದು ವಾದ್ಯ ಮಾತ್ರವಲ್ಲ, ಪೂಜೆಗೊಳ್ಳುವ ವಸ್ತು. ಅದನ್ನು ಮೊಳೆಗೆ ತೂಗಬಹುದೇ, ನೋಡಬಂದವರು ಮುಟ್ಟಬಹುದೇ? ನನಗೆ ತಿಳಿಯದು, ನಿಮಗೂ ತಿಳಿಯದು. ತಿಳಿದವರು ಅರ್ಧ ಮೈಲಿ ದೂರದಲ್ಲಿದ್ದಾರೆ.

ಹಾಗೆಂದು ಹಟ್ಟಿಯಲ್ಲಿರುವುದೆಲ್ಲ ಹೊಗಳಬೇಕಾದದ್ದೇ ಎಂದು ನಾನು ಹೇಳಿದರೆ ಇಲ್ಲಿ ಕುಳಿತಿರುವ ಹಟ್ಟಿಯ ಹೆಣ್ಣುಮಕ್ಕಳೇ ನಕ್ಕಾರು. 2023ರಲ್ಲಿ ನಮ್ಮ ಜಿಲ್ಲೆಯದೇ ಗೊಲ್ಲರಹಟ್ಟಿಯೊಂದರಲ್ಲಿ, ಸೂತಕವೆಂದು ಊರಾಚೆಯ ಗುಡಿಸಲಲ್ಲಿ ಇರಿಸಿದ್ದ ಬಾಣಂತಿಯ ಹಸುಗೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡಿತು. ನಿಮ್ಮ ಸಂಸ್ಕೃತಿ ಮನೆಯಲ್ಲಿ ಆ ಗುಡಿಸಲಿಗೆ ಜಾಗವಿದೆಯೇ? ಕಂಬಳಿ, ಗಡಿಗೆಗಳನ್ನು ಆರಿಸಿಕೊಂಡು ಅದನ್ನು ಬಿಟ್ಟರೆ ಸುಳ್ಳಾಗುತ್ತದೆ. ಹೊರಗಿನವರಾದ ನಾವು ಅದನ್ನೇ ಎತ್ತಿ ತೋರಿಸಿದರೆ ಅವಮಾನವಾಗುತ್ತದೆ. ಅದನ್ನು ಹೇಳಬೇಕೋ ಬೇಡವೋ, ಹೇಗೆ ಹೇಳಬೇಕು ಎಂಬುದನ್ನು ತೀರ್ಮಾನಿಸಬೇಕಾದವರು ಆ ಗುಡಿಸಲಲ್ಲಿ ಮಲಗಿದ್ದ ಹೆಂಗಸರು. ಮನೆಯ ಬೀಗದ ಕೈ ಯಾರ ಸೊಂಟದಲ್ಲಿರಬೇಕೆಂಬ ಪ್ರಶ್ನೆ ಇಲ್ಲಿಯೇ ಎದುರಾಗುತ್ತದೆ.

2019ರಲ್ಲಿ ಪಕ್ಕದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡನ್ನು ಚಿಂಕಾರ ವನ್ಯಧಾಮವೆಂದು ಸರ್ಕಾರ ಘೋಷಿಸಿತು. ಸುಮಾರು 136 ಚದರ ಕಿಲೋಮೀಟರ್. ಚಿಂಕಾರ ಉಳಿಯಬೇಕು, ಆ ಕುರುಚಲು ಕಾಡೂ ಉಳಿಯಬೇಕು. ಗಣಿಯ ಲಾರಿಗಳ ಕಾಲವನ್ನು ಕಂಡ ನಾವು ಅದನ್ನು ಬೇಡವೆನ್ನುವೆವೇ? ಆದರೆ ವ್ಯತ್ಯಾಸವೊಂದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ದನಕುರಿ ಮೇಯಿಸುವುದಕ್ಕೆ ಅವಕಾಶವೇ ಇಲ್ಲ. ವನ್ಯಧಾಮದಲ್ಲಿ ಅದನ್ನು ನಿಯಂತ್ರಿಸಬಹುದು, ಅನುಮತಿಸಲೂಬಹುದು. ಜೊತೆಗೆ 2006ರ ಅರಣ್ಯ ಹಕ್ಕು ಕಾಯ್ದೆ ಮೇವಿನ ಹಕ್ಕನ್ನೂ ನೀರಿನ ಹಕ್ಕನ್ನೂ ಹೆಸರಿಸಿಯೇ ಹೇಳುತ್ತದೆ. ಆದರೆ ಕಾಡುಗೊಲ್ಲರು ಆ ಕಾಯ್ದೆಯಲ್ಲಿ ‘ಇತರ ಪಾರಂಪರಿಕ ಅರಣ್ಯವಾಸಿಗಳು’ ಎಂಬ ಸಾಲಿಗೆ ಬರುತ್ತಾರೆ. ಅವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡನ್ನು ಆಶ್ರಯಿಸಿದ್ದರೆಂದು ತೋರಿಸಬೇಕು. ಕುರಿಯ ಹಿಂದೆ ನಡೆದವರ ಬಳಿ ಕಾಗದ ಎಲ್ಲಿಂದ ಬರಬೇಕು?

ಆದರೆ ಅದೇ ಕಾಯ್ದೆಯ ನಿಯಮಗಳಲ್ಲಿ ಒಂದು ಬಾಗಿಲು ತೆರೆದಿದೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದು ಸಾಕ್ಷ್ಯ. ಹಳೆಯ ಬಾವಿ ಸಾಕ್ಷ್ಯ, ಸಮಾಧಿಯ ನೆಲ ಸಾಕ್ಷ್ಯ, ದೇವರ ತಾಣ ಸಾಕ್ಷ್ಯ. ಎಂದರೆ ನಿಮ್ಮ ಸಂಸ್ಕೃತಿ ಮನೆಗೆ ನೀವು ಏನನ್ನು ಕೂಡಿಸಬೇಕೆಂದಿದ್ದೀರೋ ಅದರ ನಿಜವಾದ ಭಾಗ ಗೋಡೆಗೆ ತೂಗುವಂಥದ್ದಲ್ಲ, ಬರೆದುಕೊಳ್ಳುವಂಥದ್ದು. ಎಂಬತ್ತು ದಾಟಿದ ನಾಲ್ಕೈದು ಮಂದಿ ಆ ಹಟ್ಟಿಯಲ್ಲಿದ್ದಾರೆ. ಅವರ ಅಜ್ಜಂದಿರು ಮಂದೆಯನ್ನು ಯಾವ ಕಟ್ಟೆಗೆ ನೀರಿಗೆ ಹೊಡೆಯುತ್ತಿದ್ದರು, ಬೇಸಗೆಯಲ್ಲಿ ಯಾವ ಕಣಿವೆಗೆ ಹೋಗುತ್ತಿದ್ದರು, ಎಲ್ಲಿ ರೊಪ್ಪ ಹಾಕುತ್ತಿದ್ದರು, ಯಾವ ಮರದ ಕೆಳಗೆ ಯಾವ ದೇವರು: ಇದೆಲ್ಲ ಅವರ ನಾಲಗೆಯ ಮೇಲಿದೆ. ಹಟ್ಟಿಯವರು ಒಪ್ಪಿದರೆ, ಅವರ ಮಕ್ಕಳೊಡನೆ ನೀವು ಇಬ್ಬಿಬ್ಬರಂತೆ ಹೋಗಿ ಕುಳಿತು ಬರೆಯಿರಿ, ಅವರ ಹಿಂದೆ ಗುಡ್ಡ ಸುತ್ತಿರಿ. ಬರೆದ ಪುಸ್ತಕ ಹಟ್ಟಿಯಲ್ಲೇ ಇರಲಿ. ಹೊರಗಿನವರಿಗೆ ಯಾವ ಪುಟವನ್ನು ತೋರಿಸಬೇಕೆಂಬುದನ್ನು ಅವರು ಹೇಳಲಿ. ಈ ಕೆಲಸಕ್ಕೆ ಇಟ್ಟಿಗೆ ಬೇಡ, ಅನುದಾನವೂ ಬೇಡ. ಕಾಲ ಮಾತ್ರ ಕಡಿಮೆಯಿದೆ.

ಇನ್ನು ನನ್ನ ಮನೆಯ ಮಾತು. ಕ್ಷಮೆಯ ಪತ್ರಗಳ ಸಂಗತಿಯನ್ನು ಹೇಳಿದ್ದು ಇದಕ್ಕಾಗಿ.

ನಮ್ಮ ತೋಟ ಗುಡ್ಡದ ಇಳಿಜಾರು ಮುಗಿಯುವಲ್ಲಿದೆ. ಅದರ ಮೇಲಣ ಮೂರು ಎಕರೆ ನನ್ನ ತಾತನ ಕಾಲದಲ್ಲಿ ಗೋಮಾಳ. ದರಖಾಸ್ತಿನಲ್ಲಿ ನಮ್ಮ ಹೆಸರಿಗೆ ಬಂತು. ಹಟ್ಟಿಯಿಂದ ಕಟ್ಟೆಗೆ ಹೋಗುವ ಕುರಿದಾರಿ ಅದರ ನಡುವೆ ಹಾಯುತ್ತಿತ್ತು. ತಾತ ಅದನ್ನು ಬಿಟ್ಟಿದ್ದರು. ಕೊಳವೆಬಾವಿ ಬಂದ ಮೇಲೆ ನಮ್ಮ ತಂದೆಯವರು ಅಲ್ಲಿ ತೆಂಗಿನ ಸಸಿಗಳನ್ನಿಟ್ಟು, ಕುರಿ ಬಾಯಿ ಹಾಕುತ್ತವೆಂದು ಕಲ್ಲುಕಂಬ ನೆಟ್ಟು ತಂತಿ ಎಳೆದರು. ಕಂಬ ಹಿಡಿದುಕೊಂಡಿದ್ದವನು ನಾನು. ಆಗ ನನಗೆ ಹದಿನಾರು ವರ್ಷ. ಅಂದಿನಿಂದ ಹಟ್ಟಿಯ ಮಂದೆ ಡಾಂಬರು ರಸ್ತೆ ಸುತ್ತಿಕೊಂಡು ಎರಡು ಮೈಲಿ ನಡೆದು ನೀರಿಗೆ ಹೋಗುತ್ತದೆ. ಲಾರಿಗೆ ಸಿಕ್ಕಿ ಸತ್ತ ಕುರಿಗಳ ಲೆಕ್ಕವನ್ನು ನಾವು ಇಟ್ಟಿಲ್ಲ, ಹಟ್ಟಿಯವರು ಇಟ್ಟಿರಬಹುದು. ಬೇಸಗೆಯಲ್ಲಿ ಕಟ್ಟೆಯ ಹೂಳನ್ನು ತೆಗೆಯುತ್ತಿದ್ದವರು ಅವರೇ. ದಾರಿ ಮುಚ್ಚಿದ ಮೇಲೆ ಅವರೂ ಅದನ್ನು ಕೈಬಿಟ್ಟರು, ಕಟ್ಟೆ ತುಂಬಿಹೋಯಿತು. ಹತ್ತಾರು ವರ್ಷಗಳ ನಂತರ ಬರಗಾಲದಲ್ಲಿ ಕೊಳವೆಬಾವಿಗಳು ಒಂದರ ಹಿಂದೊಂದು ಬತ್ತಿ, ನುಸಿಪೀಡೆಯಿಂದ ಮೊದಲೇ ಸೊರಗಿದ್ದ ಮರಗಳ ಸುಳಿ ಬಾಗಿ, ನನ್ನ ತೋಟದಲ್ಲಿ ನಲವತ್ತು ಮರ ಒಣಗಿದಾಗ, ಆ ಕಟ್ಟೆ ಇದ್ದಿದ್ದರೆ ಎಂದು ಹಲುಬಿದವನೂ ನಾನೇ. ಅಟ್ಟದಲ್ಲಿ ಕೊಬ್ಬರಿಯಿಲ್ಲದ ವರ್ಷವೆಂದರೆ ಏನೆಂಬುದು ಈ ಸೀಮೆಯವರಿಗೆ ನಾನು ವಿವರಿಸಬೇಕಾಗಿಲ್ಲ.

ಕಾಡಿನೊಳಗಿನ ದಾರಿಗೆ ಅರಣ್ಯ ಹಕ್ಕು ಕಾಯ್ದೆಯಿದೆ. ನನ್ನ ಪಟ್ಟಾ ಜಮೀನಿನ ದಾರಿಗೆ ಅದು ಅನ್ವಯಿಸದು. ಅಲ್ಲಿ ನಾನೇ ತೆರೆಯಬೇಕು. ಕಳೆದ ಅಮಾವಾಸ್ಯೆಯ ದಿನ ಹಟ್ಟಿಗೆ ಹೋಗಿ, ಚಪ್ಪಲಿಯನ್ನು ಹೊರಗೆ ಬಿಟ್ಟು, ಹಿರಿಯರೆದುರು ಇದನ್ನು ಹೇಳಿದೆ. ಅವರಲ್ಲೊಬ್ಬರು ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ತಂತಿ ಎಳೆದ ದಿನ ಅವರು ಮಂದೆಯೊಡನೆ ಅಲ್ಲಿಯೇ ನಿಂತಿದ್ದರಂತೆ. ನನಗೆ ಅವರ ಮುಖ ನೆನಪಿರಲಿಲ್ಲ, ಅವರಿಗೆ ನಾನು ಹಿಡಿದಿದ್ದ ಕಂಬ ಯಾವುದೆಂಬುದೂ ನೆನಪಿತ್ತು. ನಿಮ್ಮ ಸಂಸ್ಕೃತಿ ಮನೆಯ ವಿಷಯವನ್ನೂ ಎತ್ತಿದೆ. ಮಳೆ ಮುಗಿದ ಮೇಲೆ ಹುಡುಗರು ಬರಲಿ, ಮಾತನಾಡೋಣ ಎಂದರು. ಬೇಡವೆನ್ನಲಿಲ್ಲ, ಆಗಲೆಂದೂ ಅನ್ನಲಿಲ್ಲ.

ಎಂಟು ಅಡಿಯ ದಾರಿ ಬಿಟ್ಟರೆ ಫಸಲಿಗೆ ಬಂದ ಆರು ಮರಗಳು ಹೋಗುತ್ತವೆ. ತೋಟ ನನ್ನೊಬ್ಬನದಲ್ಲ, ತಮ್ಮನ ಪಾಲೂ ಇದೆ. ನಮ್ಮ ತಂದೆ ನೆಟ್ಟ ಮರಗಳು, ಕಡಿಯಲಾರೆ ಎನ್ನುತ್ತಾನೆ ಅವನು. ಅವನ ಮಾತಿನಲ್ಲೂ ನ್ಯಾಯವಿದೆ. ಮೂಡಣ ಬದಿಯಲ್ಲಿ ಬಳಸಿ ಹೋದರೆ ಎರಡೇ ಮರಗಳಲ್ಲಿ ಮುಗಿಯುತ್ತದೆಯೇ ಎಂದು ಈ ಭಾನುವಾರ ಹಗ್ಗ ಹಿಡಿದು ಅಳೆಯುವವರಿದ್ದೇವೆ. ಹಟ್ಟಿಯ ಆ ಹಿರಿಯರೂ ಬರುತ್ತೇನೆಂದಿದ್ದಾರೆ. ವಿದ್ಯಾರ್ಥಿಗಳಲ್ಲಿ ಯಾರಾದರೂ ಬರುವುದಾದರೆ ಬೆಳಿಗ್ಗೆ ಏಳರೊಳಗೆ ಬನ್ನಿ, ಬಿಸಿಲೇರಿದ ಮೇಲೆ ಆ ಇಳಿಜಾರಿನಲ್ಲಿ ನಿಲ್ಲುವುದು ಕಷ್ಟ.